ಲೋಟದ ಕೆಳಗಿನ ಚೀಟಿ

ಇದು 2004ರಲ್ಲಿ ನಡೆದದ್ದು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ನಮ್ಮೂರು ಗುಮ್ಮಳಾಪುರ, ಕೆಲಸ ಹೊಸೂರಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ. ತಯಾರಾಗಿ ಬಂದ ಭಾಗಗಳನ್ನು ಒಂದೊಂದಾಗಿ ಗೇಜಿನಲ್ಲಿಟ್ಟು ಅಳತೆ ನೋಡುವುದು, ಸರಿಯಿದ್ದರೆ ನೀಲಿ ಟ್ರೇಗೆ, ಇಲ್ಲದಿದ್ದರೆ ಕೆಂಪು ಟ್ರೇಗೆ ಹಾಕುವುದು, ಇಷ್ಟೇ ನನ್ನ ಕೆಲಸ. ಬಂದ ಗಂಡನ್ನು ಬೆಂಕಿಕಡ್ಡಿ ಆಟಕ್ಕೋಸ್ಕರ ಬೇಡ ಅಂದವಳು ಎಂದು ನಮ್ಮ ಕಡೆ ಒಬ್ಬಳ ಕಥೆ ಹೇಳುತ್ತಾರೆ. ಅವಳು ನಾನೇ. ಊರಿನವರು ಅದಕ್ಕೆ ಬೇಕಾದಷ್ಟು ಉಪ್ಪು ಖಾರ ಹಚ್ಚಿದ್ದಾರೆ. ಇವತ್ತು ನಡೆದದ್ದನ್ನು ನಡೆದ ಹಾಗೆ ನಾನೇ ಹೇಳುತ್ತೇನೆ.

ಮೊದಲು ಆಟದ ವಿಷಯ. ಕಂಪನಿ ಬಸ್ಸು ನಮ್ಮನ್ನು ಹತ್ತಿಸಿಕೊಂಡು ಹೊಸೂರು ಸೇರಲು ಒಂದು ಗಂಟೆಗೂ ಮೇಲೆ ಹಿಡಿಯುತ್ತಿತ್ತು. ದಾರಿಯಲ್ಲಿ ತಳಿ ಎಂಬ ಊರಿನಲ್ಲಿ ಸೆಲ್ವಿ ಹತ್ತುತ್ತಿದ್ದಳು. ಅವಳೂ ನಾನೂ ಒಂದೇ ಮೇಜಿನ ಎದುರುಬದುರು ಕೆಲಸ ಮಾಡುವವರು. ಮನೆಮಾತು ತಮಿಳು, ಆದರೆ ಕನ್ನಡ ನಮ್ಮ ಹಾಗೇ ಆಡುತ್ತಿದ್ದಳು. ಬಸ್ಸಿನಲ್ಲಿ ಎಷ್ಟು ದಿನ ಅಂತ ಊರವರ ವಿಷಯ ಮಾತಾಡುವುದು? ನಾನೊಂದು ಆಟ ಶುರು ಮಾಡಿದೆ. ಒಬ್ಬರು ನಾಲ್ಕು ಅಕ್ಷರದ ಒಂದು ಪದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು, ಇನ್ನೊಬ್ಬರು ಅದನ್ನು ಕಂಡುಹಿಡಿಯುವುದು. ಸೆಲ್ವಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಈ ಆಟದ ಹುಚ್ಚಿಗೇ ಮೂರು ತಿಂಗಳಲ್ಲಿ ಅಕ್ಷರ ಕಲಿತಳು.

ಕಾಗದದಲ್ಲಿ ಬರೆದರೆ ಬಸ್ಸಿನ ಕುಲುಕಾಟಕ್ಕೆ ಏನೂ ಕಾಣುತ್ತಿರಲಿಲ್ಲ. ಹುಣಸೆಬೀಜ ಇಟ್ಟು ಆಡಿದರೆ ಉರುಳಿ ಡ್ರೈವರಿನ ಕಾಲ ಹತ್ತಿರ ಹೋಗುತ್ತಿದ್ದವು. ಹಳೆಯ ಹವಾಯಿ ಚಪ್ಪಲಿಗೆ ತೂತು ಕೊರೆದು ಕಡ್ಡಿ ಚುಚ್ಚಿ ನೋಡಿದೆ, ಚೆನ್ನಾಗಿತ್ತು. ಆದರೆ ಚಪ್ಪಲಿಯ ಮೇಲೆ ಅಕ್ಷರ ಬರೆಯುತ್ತೀಯಾ ಎಂದು ಅಪ್ಪ ಬೈದು ಅದನ್ನು ತಿಪ್ಪೆಗೆ ಎಸೆದರು. ಅಪ್ಪನಿಗೆ ಓದಲು ಬಾರದು, ಹೆಬ್ಬೆಟ್ಟು ಒತ್ತುವವರು. ಅಂಥವರಿಗೆ ಅಕ್ಷರ ಅಂದರೆ ಭಕ್ತಿ ಜಾಸ್ತಿ. ಕೊನೆಗೆ ಸ್ಟೋರಿನಲ್ಲಿ ಕೇಳಿ ಪ್ಯಾಕಿಂಗ್ ಪೆಟ್ಟಿಗೆಯ ತೆಳು ಪ್ಲೈವುಡ್ ಚೂರೊಂದನ್ನು ತಂದು, ಕಪ್ಪು ಬಣ್ಣ ಬಳಿದು, ಎಂಟು ಸಾಲು ಗೆರೆ ಎಳೆದೆ. ಸಾಲಿಗೆ ನಾಲ್ಕು ಮನೆ, ಪ್ರತಿ ಮನೆಯ ಕೆಳಗೆ ಸೈಕಲ್ ಕಡ್ಡಿ ಕಾಯಿಸಿ ಸುಟ್ಟ ಒಂದು ತೂತು.

ಊಹಿಸುವವರು ಸಾಲಿನಲ್ಲಿ ಸೀಮೆಸುಣ್ಣದಿಂದ ಪದ ಬರೆಯಬೇಕು. ಪದ ಇಟ್ಟುಕೊಂಡವರು ತೂತಿಗೆ ಬೆಂಕಿಕಡ್ಡಿ ನಿಲ್ಲಿಸಬೇಕು. ಮದ್ದಿನ ತಲೆ ಮೇಲಿದ್ದರೆ ಅಕ್ಷರವೂ ಸರಿ, ಜಾಗವೂ ಸರಿ. ತಲೆ ಕೆಳಗಾದರೆ ಅಕ್ಷರ ಪದದಲ್ಲಿದೆ, ಜಾಗ ಬೇರೆ. ಅಕ್ಷರವೇ ಇಲ್ಲದಿದ್ದರೆ ತೂತು ಖಾಲಿ. ಕ ಇರುವ ಕಡೆ ಕಿ ಬರೆದರೆ ಏನು ಮಾಡುವುದು ಎಂದು ನಮಗೆ ಒಂದು ವಾರ ಜಗಳವಾಗಿ, ಅದಕ್ಕೆ ಅರ್ಧ ಮುರಿದ ಕಡ್ಡಿ ಎಂದು ತೀರ್ಮಾನವಾಯಿತು. ಎಂಟು ಸಾಲಿನೊಳಗೆ ಕಂಡುಹಿಡಿದರೆ ಗೆಲುವು.

ಇನ್ನೊಂದು ನಿಯಮವಿತ್ತು. ಪದವನ್ನು ಮೊದಲೇ ಚೀಟಿಯಲ್ಲಿ ಬರೆದು ಮುಚ್ಚಿಡಬೇಕು. ಈ ನಿಯಮ ಹುಟ್ಟಿದ್ದು ನನ್ನ ಕಳ್ಳಾಟದಿಂದ. ಸೆಲ್ವಿ ಹತ್ತಿರ ಬಂದಾಗಲೆಲ್ಲ ನಾನು ಮನಸ್ಸಿನಲ್ಲೇ ಪದ ಬದಲಾಯಿಸಿಬಿಡುತ್ತಿದ್ದೆ. ಒಂದು ದಿನ ಅವಳು ಕಿವಿ ಹಿಂಡಿ ಕೇಳಿದಳು. ಹೌದು, ಬದಲಾಯಿಸಿದೆ ಎಂದು ಒಪ್ಪಿಕೊಂಡೆ. ಅವತ್ತಿನಿಂದ ಚೀಟಿ ಬಂತು.

ಈಗ ಆ ಭಾನುವಾರದ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಎರಡು ಸಂಬಂಧ ಮುರಿದಿದ್ದವು. ಒಬ್ಬರಿಗೆ ನಾನು ಕುಳ್ಳಿ, ಇನ್ನೊಬ್ಬರಿಗೆ ನಾನು ಶಿಫ್ಟಿಗೆ ಹೋಗುವವಳು. ಈ ಮೂರನೆಯದನ್ನು ತಂದವರು ನಮ್ಮ ಸೋದರಮಾವ. ಹುಡುಗ ಡಿಪ್ಲೊಮಾ ಓದಿ ಹೊಸೂರಿನ ಇನ್ನೊಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೋಲಾರದ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಹೆಸರು ಬೇಡ, ಅವರಿಗೂ ಸಂಸಾರವಿದೆ. ವರದಕ್ಷಿಣೆಯ ಮಾತೇ ಎತ್ತಿರಲಿಲ್ಲ, ಮದುವೆಯಾದ ಮೇಲೂ ಹುಡುಗಿ ಕೆಲಸಕ್ಕೆ ಹೋಗಲಿ ಎಂದಿದ್ದರು. ಫೋಟೊ ನೋಡಿ ನನಗೂ ಮನಸ್ಸಾಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಇದು ತಪ್ಪಿದರೆ ಇನ್ನು ಯಾರೂ ನಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಅಮ್ಮ ದಿನಾ ಹೇಳುತ್ತಿದ್ದರು.

ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು. ಹೆಣ್ಣು ನೋಡಲು ಬಂದವರ ಕಣ್ಣಿಗೆ ಬೀಳುವ ಹಾಗೆ ಹುಡುಗಿಯ ಕೈಕೆಲಸವನ್ನು ಜೋಡಿಸಿಡುವುದು. ವಯರ್ ಬುಟ್ಟಿ, ಮಣಿ ಗಿಳಿ, ಕಸೂತಿ ಹಾಕಿದ ದಿಂಬಿನ ಚೀಲ. ಹುಡುಗಿಗೆ ಬಾರದಿದ್ದರೆ ಪಕ್ಕದ ಮನೆಯಿಂದ ಕಡ ತಂದಿಡುತ್ತಿದ್ದರು. ಒಂದೇ ಮಣಿ ಗಿಳಿ ನಮ್ಮ ಬೀದಿಯಲ್ಲಿ ನಾಲ್ಕು ಹುಡುಗಿಯರಿಗೆ ಮದುವೆ ಮಾಡಿಸಿದೆ. ಅಮ್ಮನೂ ಬುಟ್ಟಿ, ಗಿಳಿ ಎರಡನ್ನೂ ತಂದು ಗೋಡೆಯ ಗೂಡಿನಲ್ಲಿಟ್ಟು, ಕೇಳಿದರೆ ನಾನೇ ಮಾಡಿದ್ದು ಅನ್ನು ಎಂದು ಹೇಳಿಕೊಟ್ಟಿದ್ದರು.

ಹುಡುಗ, ಅವನ ತಂದೆ ತಾಯಿ, ಸೋದರತ್ತೆ ಬಂದರು. ಮಾತೆಲ್ಲ ಅತ್ತೆಯದೇ. ಕಾಫಿ ಕೊಟ್ಟು ಕೂತ ಮೇಲೆ ಆಕೆ ಗೂಡಿನತ್ತ ನೋಡಿ, ಇವೆಲ್ಲ ನಿನ್ನ ಕೈಕೆಲಸವೇನಮ್ಮ ಎಂದರು. ಹೌದು ಅಂದಿದ್ದರೆ ಮುಗಿದಿತ್ತು. ನನಗೆ ಆಗಲಿಲ್ಲ. ಅವು ಪಕ್ಕದ ಮನೆಯವು, ನಾನು ಮಾಡಿದ್ದು ಇದು ಎಂದು ಒಳಗಿಂದ ಆಟದ ಹಲಗೆ ತಂದಿಟ್ಟೆ. ಅಮ್ಮನ ಮುಖ ಬಿಳಿಚಿಹೋಯಿತು. ಅತ್ತೆ ಹುಬ್ಬು ಏರಿಸಿದರು. ಆದರೆ ಹುಡುಗ ನಕ್ಕು, ಚೆನ್ನಾಗಿದೆಯಲ್ಲ, ಒಂದು ಆಟ ಆಡೋಣ ಎಂದ. ಆ ಕ್ಷಣ ನನಗೆ ಅವನ ಮೇಲೆ ನಿಜವಾಗಿಯೂ ಗೌರವ ಬಂತು.

ನಾನು ನಿಯಮ ಹೇಳಿಕೊಟ್ಟೆ. ಚಾಪೆಯ ಮೇಲೆ ಎದುರುಬದುರು ಕೂತೆವು. ಎರಡೂ ಮನೆಯವರು ಸುತ್ತ ನೋಡುತ್ತಿದ್ದರು. ಅವನು ಚೀಟಿಯಲ್ಲಿ ಪದ ಬರೆದು ಮಡಚಿದ, ನಾನು ಅದರ ಮೇಲೆ ಖಾಲಿ ಕಾಫಿ ಲೋಟ ಬೋರಲು ಹಾಕಿದೆ. ಮೊದಲು ಸರಕಾರ ಎಂದು ಬರೆದೆ, ಕೊನೆಯ ರ ತಲೆ ಎತ್ತಿ ನಿಂತಿತು. ನಾಲ್ಕನೇ ಸಾಲಿಗೆ ಗಡಿಬಿಡಿ ಎಂದು ಬರೆದೆ, ಗ ಮತ್ತು ಡಿ ಸಿಕ್ಕವು. ಅಷ್ಟರಲ್ಲಿ ಅವನು ಎರಡು ಸಲ ನಮ್ಮ ಗೋಡೆ ನೋಡಿದ್ದನ್ನು ನಾನು ಗಮನಿಸಿದ್ದೆ. ಐದನೇ ಸಾಲಿನಲ್ಲಿ ಗಡಿಯಾರ ಎಂದು ಬರೆದೆ.

ಅವನು ಅದನ್ನು ಬಾಯಿಬಿಟ್ಟು ಓದಿದ. ಸ್ವಲ್ಪ ಹೊತ್ತು ಹಲಗೆ ನೋಡಿದ. ಆಮೇಲೆ ತಲೆಯಾಡಿಸಿ ಅಲ್ಲ ಎಂದು, ಮೂರು ಕಡ್ಡಿ ನಿಲ್ಲಿಸಿ ಮೂರನೇ ತೂತನ್ನು ಖಾಲಿ ಬಿಟ್ಟ.

ನನ್ನ ತಲೆ ಕೆಟ್ಟುಹೋಯಿತು. ಗ, ಡಿ, ನಡುವೆ ಏನೋ ಒಂದು, ಕೊನೆಗೆ ರ. ಅಂಥ ಪದ ಇನ್ನೊಂದಿದ್ದರೆ ಓದುಗರು ದಯವಿಟ್ಟು ತಿಳಿಸಬೇಕು. ಉಳಿದ ಮೂರು ಸಾಲಿನಲ್ಲಿ ಅರ್ಥವಿಲ್ಲದ್ದನ್ನೆಲ್ಲ ಬರೆದು ಸೋತೆ. ಪದ ಯಾವುದು ಎಂದು ಕೇಳಿದೆ. ಅವನು ಮುಗುಳ್ನಕ್ಕು, ಅದನ್ನ ಮದುವೆ ಆದ್ಮೇಲೆ ಹೇಳ್ತೀನಿ ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಅಮ್ಮನಿಗೆ ಹೋದ ಜೀವ ಬಂದ ಹಾಗಾಯಿತು. ಮಾವ ಆಗಲೇ ತಾಂಬೂಲದ ತಟ್ಟೆಯತ್ತ ಕೈ ಚಾಚಿದ್ದರು.

ನಾನು ಲೋಟ ಎತ್ತಿದೆ. ಚೀಟಿ ಬಿಡಿಸಿದೆ. ಗಡಿಯಾರ ಎಂದು ದುಂಡಗೆ ಬರೆದಿತ್ತು.

ಚೀಟಿಯನ್ನು ಹಲಗೆಯ ಮೇಲೆ ಐದನೇ ಸಾಲಿನ ಪಕ್ಕದಲ್ಲಿಟ್ಟು ಕೇಳಿದೆ. "ಇದನ್ನೇ ಬರ್ದಿದ್ನಲ್ಲ, ಯಾಕೆ ಅಲ್ಲ ಅಂದ್ರಿ?"

ಸುಳ್ಳು ಹೇಳಿದೆ, ಸೋಲಲು ಮನಸ್ಸು ಬರಲಿಲ್ಲ ಎಂದು ಅವನು ಅಂದಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ನನ್ನ ಕಿವಿಯನ್ನೂ ಒಬ್ಬಳು ಹಿಂಡಿದ್ದಾಳೆ ಎಂದು ಹೇಳುತ್ತಿದ್ದೆ. ಆದರೆ ಅವನ ನಗು ಮಾಯವಾಗಿತ್ತು. ನೀವು ಹಾಗೆ ಬರೆದಿರಲಿಲ್ಲ, ಈಗ ತಿದ್ದಿದ್ದೀರಿ ಎಂದ. ಸುತ್ತ ಆರು ಜನ ಇದ್ದರು. ಅವನು ಬಾಯಿಬಿಟ್ಟು ಓದಿದ್ದನ್ನು ಎಲ್ಲರೂ ಕೇಳಿದ್ದರು. ಒಬ್ಬರೂ ಉಸಿರೆತ್ತಲಿಲ್ಲ.

ಅತ್ತೆ ನನ್ನ ಭುಜ ತಟ್ಟಿದರು. "ಹೋಗ್ಲಿ ಬಿಡಮ್ಮ. ನಾಕು ಜನದ ಮುಂದೆ ಗಂಡುಮಗ ಸೋಲಕ್ಕಾಯ್ತದಾ? ಹೆಣ್ಣಾದೋಳು ಕಂಡೂ ಕಾಣ್ದಂಗೆ ಇರ್ಬೇಕು."

ನನಗೆ ಮೈಯೆಲ್ಲ ಉರಿಯಿತು. ಆದರೂ ದನಿ ಎತ್ತಲಿಲ್ಲ. "ಕಂಡಿದ್ದನ್ನ ಕಂಡಂಗೆ ಹೇಳೋದೇ ನನ್ ಕೆಲ್ಸ. ಅದಕ್ಕೇ ಕಂಪ್ನೀಲಿ ಸಂಬ್ಳ ಕೊಡ್ತಾರೆ. ನಂಗೆ ಈ ಸಂಬಂಧ ಬ್ಯಾಡ," ಎಂದು ಎದ್ದೆ.

ಅವರು ಹೊರಟು ಹೋದ ಮೇಲೆ ಮನೆ ಸಾವಿನ ಮನೆಯಂತಾಯಿತು. ಒಂದು ಕಡ್ಡಿ ಆಟಕ್ಕೆ ನಿನ್ನ ಬಾಳಿಗೆ ನೀನೇ ಬೆಂಕಿ ಇಟ್ಟುಕೊಂಡೆಯಲ್ಲೇ ಎಂದು ಅಮ್ಮ ಅತ್ತರು. ಅಪ್ಪ ಹೂವಿನ ತೋಟಕ್ಕೆ ನೀರು ಬಿಡಲು ಹೋದರು. ಮರುದಿನ ಬಸ್ಸಿನಲ್ಲಿ ಸೆಲ್ವಿಗೆ ಎಲ್ಲ ಹೇಳಿ ಅತ್ತುಬಿಟ್ಟೆ. ದಿಟ್ಟವಾಗಿ ಮಾತಾಡಿದ ಬಾಯಿಯೇ ಅಳುವುದು ಎಂದರೆ ನನಗೇ ನಾಚಿಕೆಯಾಯಿತು. ಅವನು ಬೇಡ ಎಂದು ಅನ್ನಿಸಿದ್ದು ನಿಜ, ಬೇಕು ಅನ್ನಿಸಿದ್ದೂ ಸುಳ್ಳಲ್ಲ.

ಅಂದು ಸಂಜೆ ಮಾವ ಮತ್ತೆ ಬಂದರು. ಹುಡುಗನ ಕಡೆಯವರು ದೊಡ್ಡ ಮನಸ್ಸು ಮಾಡಿದ್ದಾರಂತೆ. ನಾನು ಹೊಸೂರಿಗೆ ಹೋಗಿ, ನಾನೇ ತಪ್ಪು ಬರೆದಿದ್ದೆ, ಆಮೇಲೆ ತಿದ್ದಿದೆ ಎಂದು ಅವರ ಮನೆಯವರ ಮುಂದೆ ಹೇಳಿದರೆ ಸಾಕಂತೆ. "ಒಂದು ಮಾತು ತಾನೆ ಕಣಮ್ಮಿ. ಬಾಯಿಗೇನ್ ಸುಂಕ ಕಟ್ಬೇಕಾ?" ಎಂದರು ಮಾವ. ಮನೆಗೆ ಬಂದವರ ಮುಂದೆ ಒರಟಾಗಿ ಆಡಿದೆ ಎಂದು ಬೇಕಾದರೆ ಕೈಮುಗಿಯುತ್ತೇನೆ, ತಿದ್ದಿದೆ ಎಂದು ಮಾತ್ರ ಹೇಳುವುದಿಲ್ಲ ಎಂದೆ. ನಿನ್ನ ಮಗಳಿಗೆ ನೀನಾದರೂ ಬುದ್ಧಿ ಹೇಳು ಭಾವ ಎಂದು ಮಾವ ಅಪ್ಪನ ಕಡೆ ತಿರುಗಿದರು. ಅಮ್ಮನೂ ಅಪ್ಪನನ್ನೇ ನೋಡಿದರು. ನಾನೂ ನೋಡಿದೆ. ಅಪ್ಪ ಹೋಗು ಅಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ.

ಅಪ್ಪ ಹಲಗೆಯನ್ನೂ ಚೀಟಿಯನ್ನೂ ತರಲು ಹೇಳಿದರು. ಹಲಗೆಯನ್ನು ಯಾರೂ ಒರೆಸಿರಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು, ಐದನೇ ಸಾಲಿನ ಕೆಳಗೆ ಚೀಟಿ ಹಿಡಿದು, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟರು. ಮೇಲಿನದನ್ನು ನೋಡುವುದು, ಕೆಳಗಿನದನ್ನು ನೋಡುವುದು. ಡಿಯ ಹತ್ತಿರ ತುಂಬ ಹೊತ್ತು ನಿಂತರು. ನಾಲ್ಕೂ ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ನೋಡಿದರು.

"ಇದ್ನ ತಿದ್ದಿದ್ದಾಳೆ ಅಂತೀಯಾ?" ಎಂದು ಮಾವನನ್ನು ಕೇಳಿದರು. ಮಾವ ನೆಲ ನೋಡಿದರು. ಅವರೂ ಅಲ್ಲೇ ಇದ್ದವರಲ್ಲವೇ.

"ನಾಳೆ ನಾನೇ ಬತ್ತೀನಿ ನಡಿ," ಎಂದರು ಅಪ್ಪ.

ಮರುದಿನ ಸೀಮೆಸುಣ್ಣ ಅಳಿಸದ ಹಾಗೆ ಹಲಗೆಯ ಮೇಲೆ ಕಾಗದ ಮುಚ್ಚಿ, ಟವೆಲಿನಲ್ಲಿ ಸುತ್ತಿಕೊಂಡು ಮಾವನ ಜೊತೆ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ಆಮೇಲೆ ಹೇಳಿದವರು ಮಾವ, ಅದೂ ಕೋಪದಲ್ಲಿ. ಮಗಳು ಬಂದಿಲ್ಲವಾ ಎಂದು ಹುಡುಗನ ಅತ್ತೆ ಕೇಳಿದರಂತೆ. ಅಪ್ಪ ಹಲಗೆ ಬಿಚ್ಚಿ, ಹುಡುಗನ ಮುಂದಿಟ್ಟು, ಪಕ್ಕದಲ್ಲಿ ಚೀಟಿ ಇಟ್ಟರಂತೆ. ಅಪ್ಪ ಕೂತುಕೊಳ್ಳಲೂ ಇಲ್ಲವಂತೆ.

"ನಂಗೆ ಓದಕ್ಕೆ ಬರಲ್ಲ. ಆದ್ರೂ ಎಲ್ಡೂ ಒಂದೇ ಅಂತ ನಂಗೆ ಕಾಣ್ತದೆ. ಓದಿರೋ ನಿಂಗೆ ಯಾಕಪ್ಪ ಕಾಣ್ಲಿಲ್ಲ?"

ಅಷ್ಟು ಹೇಳಿ ಹಲಗೆ ಸುತ್ತಿಕೊಂಡು ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದರು. ನನಗೆ ಹೇಳಿದ್ದು ಇಷ್ಟೇ: ಹೇಳ್ಬುಟ್ಟು ಬಂದೆ, ಊಟಕ್ಕಿಕ್ಕು.

ಅಮ್ಮ ಇಪ್ಪತ್ತು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾವ ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ಊರಲ್ಲಿ ನನಗೆ ಹೆಸರಿಟ್ಟರು, ಒಂದಲ್ಲ ಮೂರು. ನನ್ನ ಮದುವೆ ತಡವಾಗಿಯೇ ಆಯಿತು. ಆ ಹುಡುಗನಿಗೂ ಬೇರೆ ಕಡೆ ಮದುವೆಯಾಯಿತು. ಹೊಸೂರಿನ ಸಂತೆಯಲ್ಲಿ ಒಮ್ಮೆ ಹೆಂಡತಿ ಮಗುವಿನ ಜೊತೆ ನೋಡಿದೆ, ಚೆನ್ನಾಗಿಯೇ ಇದ್ದರು. ಅವನು ಕುಡುಕನಾದ, ಹೆಂಡತಿಯನ್ನು ಹೊಡೆದ ಎಂದೆಲ್ಲ ಬರೆದರೆ ಕಥೆ ಚೆನ್ನಾಗಿರುತ್ತಿತ್ತೇನೋ. ಹಾಗೇನೂ ಆಗಲಿಲ್ಲ, ಆಗಬೇಕೆಂದು ನಾನು ಬಯಸಲೂ ಇಲ್ಲ.

ಹಾಗಾದರೆ ಒಂದು ಸಣ್ಣ ಆಟಕ್ಕೆ ಅಷ್ಟೆಲ್ಲ ಬೇಕಿತ್ತಾ ಎಂದು ಈಗಲೂ ಕೇಳುವವರಿದ್ದಾರೆ. ಸಣ್ಣ ಆಟವೇ. ಸೋತಿದ್ದರೆ ಅವನು ಕಳೆದುಕೊಳ್ಳುವುದು ಏನೂ ಇರಲಿಲ್ಲ. ಅಂಥದ್ದಕ್ಕೇ ನನ್ನ ಕಣ್ಣು ಕಂಡದ್ದನ್ನು ಕಂಡಿಲ್ಲ ಅನ್ನು ಎಂದವರು, ನಾಳೆ ದೊಡ್ಡದು ಬಂದಾಗ ಏನೇನು ಹೇಳಿಸುತ್ತಿದ್ದರೋ. ನನ್ನ ಜೊತೆ ಬದುಕುವವರು ನನ್ನನ್ನು ಸೋಲಿಸಲಿ, ಬೈಯಲಿ, ಜಗಳವಾಡಲಿ. ಆದರೆ ಬರೆದದ್ದನ್ನು ಬರೆದಿಲ್ಲ ಎಂದು ನನ್ನ ಬಾಯಲ್ಲೇ ಹೇಳಿಸಬಾರದು. ಅಪ್ಪ ಈಗಿಲ್ಲ. ಒಂದಕ್ಷರ ಬಾರದ ಆ ಮನುಷ್ಯ ನನ್ನ ನಾಲ್ಕು ಅಕ್ಷರವನ್ನು ಎರಡು ಸಲ ನೋಡಿ ನಂಬಿದರು, ಆಮೇಲೆ ಇಪ್ಪತ್ತು ಮೈಲಿ ಹೋಗಿ ಅದನ್ನು ಹೇಳಿ ಬಂದರು. ಅದಾದ ಮೇಲೆ ಯಾರ ಮುಂದೆಯೂ ನಾನು ತಲೆ ತಗ್ಗಿಸಿಲ್ಲ.