ಬೆಳ್ಳಿಯ ಟ್ರಂಕಿನಲ್ಲಿಟ್ಟ ಫ್ಲಾಪಿ

ಕಾಲೇಜಿನ ಮೊದಲ ವರ್ಷದ ಕಂಪ್ಯೂಟರ್ ಪರೀಕ್ಷೆಯಲ್ಲಿ ಆ ಯಂತ್ರ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಅಬಾರ್ಟ್, ರಿಟ್ರೈ, ಫೇಲ್?

ಬಿಟ್ಟುಬಿಡುತ್ತೀಯೋ, ಮತ್ತೊಮ್ಮೆ ನೋಡುತ್ತೀಯೋ, ಫೇಲಾಗುತ್ತೀಯೋ ಅಂತ. ಫೇಲ್ ಮಾಡುವ ಮೊದಲು ಒಪ್ಪಿಗೆ ಕೇಳುವ ಇಂಥ ಸಭ್ಯರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. (ಆಮೇಲೂ ನೋಡಿಲ್ಲ.) ರಿಟ್ರೈ ಒತ್ತಿದೆ. ಮತ್ತೆ ಅದೇ ಪ್ರಶ್ನೆ. ಇನ್ನೊಮ್ಮೆ ಒತ್ತಿದೆ. ಮತ್ತೂ ಅದೇ.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಕೊಲ್ಹಾಪುರದಲ್ಲಿ ಬಿ.ಕಾಂ. ಓದುತ್ತಿದ್ದೆ. ಕಾಲೇಜಿನವರು ಆ ವರ್ಷವೇ ಕಂಪ್ಯೂಟರ್ ಎಂಬ ಹೊಸ ವಿಷಯ ಶುರು ಮಾಡಿದ್ದರು. ನಮ್ಮ ಮನೆ ಇದ್ದದ್ದು ಹತ್ತಿರದ ಹುಪರಿಯಲ್ಲಿ, ಬೆಳ್ಳಿ ಕೆಲಸದ ಊರು. ಅಜ್ಜನ ಕಾಲಕ್ಕೆ ಬೆಳಗಾವಿ ಕಡೆಯಿಂದ ಬಂದು ಅಲ್ಲೇ ನೆಲೆಯಾದವರು ನಾವು. ಬೀದಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ಪಡಸಾಲೆಯೇ ಅಪ್ಪನ ವರ್ಕ್‌ಶಾಪ್. ಅಪ್ಪ ಕಾಲ್ಗೆಜ್ಜೆ ಮಾಡುತ್ತಿದ್ದ, ಅವ್ವ ಅದಕ್ಕೆ ಗುಂಡುಗಳನ್ನು ಜೋಡಿಸುತ್ತಿದ್ದಳು.

ಅಡ್ಮಿಷನ್ ದಿನವೇ ಅಪ್ಪ ಕರಾರು ಹಾಕಿದ್ದ. "ಒಂದ್ ವರ್ಷ ನೋಡೂಣು. ಪಾಸಾದ್ರ ಮುಂದಿಂದು ಮುಂದ. ಫೇಲಾದಿ ಅಂದ್ರ ಮನ್ಯಾಗ ಕುಂತು ಗೆಜ್ಜಿ ಜೋಡ್ಸು."

ಹಾಗಾಗಿ ಪರದೆಯ ಮೇಲಿನ ಆ 'ಫೇಲ್' ನನಗೆ ಬರೀ ಮಾರ್ಕ್ಸಿನ ಸಂಗತಿಯಾಗಿರಲಿಲ್ಲ.

ಕಂಪ್ಯೂಟರ್ ರೂಮಿನ ವೈಭವ ಹೇಳಬೇಕು. ಕೊಲ್ಹಾಪುರದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುವ ಜಾಗ ಎಂದರೆ ದೇವಿಯ ಗುಡಿ, ಅದು ಬಿಟ್ಟರೆ ಈ ರೂಮು. ಒಳಗೆ ಎಸಿ. ನಮಗಲ್ಲ, ಯಂತ್ರಕ್ಕೆ. ಮನೆಗೆ ಬಂದು ಹೇಳಿದರೆ ದಿನವಿಡೀ ಬೆಂಕಿಯ ಮುಂದೆ ಕೂರುವ ಅಪ್ಪ ನಂಬಲೇ ಇಲ್ಲ. "ಮನಷ್ಯಾರು ಬೆವತು ಸಾಯಾಕತ್ತಾರ, ಅದಕ್ಕ ಥಂಡಿ ಗಾಳಿ ಬೇಕಂತೇನು?"

ಯಂತ್ರ ಕಡಿಮೆ, ನಾವು ಜಾಸ್ತಿ. ಮುಂದಿನ ಕುರ್ಚಿ ಹಿಡಿದವರಿಗೆ ಕೀಬೋರ್ಡ್, ಉಳಿದವರಿಗೆ ದರ್ಶನ. ಹುಪರಿಯ ಬಸ್ಸು ಯಾವತ್ತು ಸಮಯಕ್ಕೆ ಬಂದಿದೆ? ನನ್ನ ಪಾಲಿಗೆ ದರ್ಶನವೇ ಹೆಚ್ಚು. ಕೊನೆಗೆ ಸೀರೆಯ ಡಬ್ಬಿಯ ರಟ್ಟಿನ ಮೇಲೆ ಕೀಬೋರ್ಡ್ ಬರೆದುಕೊಂಡು ಮನೆಯಲ್ಲೇ ಕುಟ್ಟತೊಡಗಿದೆ. ಅವ್ವ ಒಲೆಯ ಮುಂದಿನಿಂದ ಕೇಳುತ್ತಿದ್ದಳು, "ಆವಾಜ್ ಬರದ ಹಾರ್ಮೋನಿಯಂ ಎಷ್ಟ ಹೊತ್ತ ಬಾರಸ್ತೀಯವಾ?"

ಪರೀಕ್ಷೆಗೆ ಪ್ರತಿಯೊಬ್ಬರೂ ಒಂದು ಪ್ರೋಗ್ರಾಂ ಬರೆದು ತಮ್ಮ ಫ್ಲಾಪಿಯಲ್ಲಿ ಉಳಿಸಿ ತರಬೇಕಿತ್ತು. ನೋಡದವರಿಗೆ ಹೇಳುತ್ತೇನೆ: ಫ್ಲಾಪಿ ಎಂದರೆ ಹಪ್ಪಳದಷ್ಟು ತೆಳುವಾದ ಚೌಕಾಕಾರದ ಕರಿ ತಗಡಿನಂಥದ್ದು. ನಾವು ಬರೆದದ್ದೆಲ್ಲ ಅದರ ಹೊಟ್ಟೆಯೊಳಗೆ. ಮೂರು ವಿಷಯದ ಮಾರ್ಕ್ಸ್ ಕೊಟ್ಟರೆ ಪಾಸೋ ಫೇಲೋ ಹೇಳುವುದು ನನ್ನ ಪ್ರೋಗ್ರಾಂ. ಸರ್ ಎಚ್ಚರಿಕೆ ಕೊಟ್ಟಿದ್ದರು: ಮಡಚಬೇಡಿ, ಒದ್ದೆ ಮಾಡಬೇಡಿ, ಧೂಳು ತಾಗಿಸಬೇಡಿ, ಮ್ಯಾಗ್ನೆಟಿಕ್ ಫೀಲ್ಡ್‌ನಿಂದ ದೂರ ಇಡಿ. ಕೊನೆಯದನ್ನು ಸೈನ್ಸಿನ ಹುಡುಗರಿಗೆ ಹೇಳಿದ್ದು ಎಂದುಕೊಂಡೆ. ಕಾಮರ್ಸ್‌ನವರಿಗೂ ಅದಕ್ಕೂ ಏನು ಸಂಬಂಧ?

ಪರೀಕ್ಷೆಯ ಹಿಂದಿನ ದಿನ ಫ್ಲಾಪಿ ಮನೆಗೆ ಬಂತು. ಅದರಲ್ಲಿ ನನ್ನ ಇಡೀ ವರ್ಷವಿದೆ, ಧೂಳು ತಾಗಬಾರದು, ನೀರು ತಾಗಬಾರದು, ತಮ್ಮಂದಿರ ಕೈ ತಾಗಬಾರದು ಎಂದು ಅವ್ವನಿಗೆ ಹೇಳಿದೆ. ನಮ್ಮ ಮನೆಯಲ್ಲೋ ಅರದಿಂದ ಬೆಳ್ಳಿ ಉಜ್ಜಿದ ಪುಡಿ, ಇದ್ದಿಲಿನ ಮಸಿ, ಆಸಿಡ್ ನೀರು. ಅವ್ವ ಸುತ್ತ ಒಮ್ಮೆ ನೋಡಿದಳು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದಳು.

ಅದು ಬೆಳ್ಳಿಯ ಟ್ರಂಕಿನ ಬೀಗದ ಕೈ! ತಯಾರಾದ ಗೆಜ್ಜೆಗಳು ವ್ಯಾಪಾರಿ ಸೇಠ್ ಬಂದು ಒಯ್ಯುವವರೆಗೆ ಇರುತ್ತಿದ್ದದ್ದು ಆ ಟ್ರಂಕಿನಲ್ಲೇ. ಮಕ್ಕಳು ಅದರ ಮೇಲೆ ಕೂತರೂ ಏಟು ಬೀಳುತ್ತಿತ್ತು. ಅವ್ವ ಫ್ಲಾಪಿಯನ್ನು ಒಗೆದ ಅರಿವೆಯಲ್ಲಿ ಸುತ್ತಿದಳು, ಒಳಗಿನ ಬಟ್ಟೆಯ ಗಂಟೊಂದರ ಮೇಲೆ ಮೆತ್ತಗೆ ಮಲಗಿಸಿದಳು, ಬೀಗ ಹಾಕಿ ಜಗ್ಗಿ ನೋಡಿದಳು. "ತೊಗೊ. ಇದಕ್ಕಿಂತ ಚೊಲೋ ಜಾಗಾ ಹುಪರ್ಯಾಗ ಎಲ್ಲೂ ಇಲ್ಲ."

ನಮ್ಮ ಜನವೇ ಹಾಗೆ. ಯಾವುದರ ಮೇಲಾದರೂ ಪ್ರೀತಿ ಬಂದರೆ ಮೊದಲು ಮಾಡುವ ಕೆಲಸ ಅದಕ್ಕೆ ಬೀಗ ಹಾಕುವುದು. ಹೊಸ ಕಪ್ಪು-ಬಸಿ ಕಪಾಟಿನಲ್ಲಿ, ರೇಡಿಯೋ ಗವಸಿನೊಳಗೆ, ಒಳ್ಳೆಯ ಸೀರೆ ಯಾರದೋ ಮದುವೆಯ ದಾರಿ ಕಾಯುತ್ತ ಮಡಿಕೆಯಲ್ಲೇ ಹರಿಯುವವರೆಗೆ. ಬಳಸದೆ ಹಾಳಾದರೆ ನಮಗೆ ಅಷ್ಟು ಬೇಜಾರಿಲ್ಲ. ಬಳಸಿ ಹಾಳಾದರೆ ಮಾತ್ರ ರಂಪ.

ಮರುದಿನ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಪಕ್ಕ ನಿಂತು ಪರದೆ ನೋಡಿದರು. "ಅಗಂ, ಹ್ಯಾಚ್ಯಾತ್ ಕಾಹೀಚ್ ನಾಹೀ." ಇದರಲ್ಲಿ ಏನೂ ಇಲ್ಲವಲ್ಲ ಹುಡುಗಿ, ಎಂದರು. ಹಿಂದೆ ಯಾರೋ ನಕ್ಕರು. ನನಗೆ ಎಸಿಯಲ್ಲೂ ಬೆವರು.

"ಇತ್ತು ಸರ್. ನಿನ್ನೆ ಇತ್ತು." (ಮಾತೆಲ್ಲ ಮರಾಠಿಯಲ್ಲಿ ನಡೆದದ್ದು, ನಿಮಗಾಗಿ ಕನ್ನಡದಲ್ಲಿ.)

"ರಾತ್ರಿ ಎಲ್ಲಿಟ್ಟಿದ್ದೆ?"

"ಟ್ರಂಕಿನಲ್ಲಿ ಸರ್. ಬೆಳ್ಳಿಯ ಜೊತೆ. ಬೀಗ ಹಾಕಿ."

"ಬೆಳ್ಳಿ ಏನೂ ಮಾಡುವುದಿಲ್ಲ. ಬೇರೇನಿತ್ತು ಅದರೊಳಗೆ?"

ಆಗ ಹೊಳೆಯಿತು. ಬೆಳ್ಳಿ ಉಜ್ಜಿದ ಪುಡಿಯಲ್ಲಿ ಅರದ ಕಬ್ಬಿಣದ ಚೂರೂ ಸೇರಿರುತ್ತದೆ. ಕರಗಿಸುವ ಮೊದಲು ಅದನ್ನು ಬೇರೆ ಮಾಡಲು ಪುಡಿಯ ಮೇಲೆ ಅಯಸ್ಕಾಂತ ಆಡಿಸುತ್ತಾರೆ. ಅಪ್ಪನ ಹತ್ತಿರ ಇದ್ದದ್ದು ಕೆಟ್ಟ ಲೌಡ್‌ಸ್ಪೀಕರಿನಿಂದ ಬಿಚ್ಚಿ ತಂದ ದೊಡ್ಡ ಅಯಸ್ಕಾಂತ, ಓಣಿಗೆಲ್ಲ ಹೆಸರಾದದ್ದು. ಅಕ್ಕಪಕ್ಕದವರು ಒಯ್ದರೆ ವಾಪಸು ಬರುವುದಿಲ್ಲ ಎಂದು ಅವ್ವ ಅದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಟ್ರಂಕಿನಲ್ಲೇ ಇಡುತ್ತಿದ್ದಳು. ಆ ಗಂಟಿನ ಮೇಲೆಯೇ ನನ್ನ ಫ್ಲಾಪಿ ರಾತ್ರಿಯೆಲ್ಲ ಮಲಗಿತ್ತು. ಅದರಲ್ಲಿ ಬರೆದದ್ದೆಲ್ಲ ಅಳಿಸಿಹೋಗಲು ಅಷ್ಟು ಸಾಕು.

ಹೇಳಿದೆ. ಪರೀಕ್ಷಕರು ನಗು ತಡೆದುಕೊಂಡದ್ದು ಕಾಣಿಸಿತು. "ನಿನ್ನ ಸರದಿ ಮುಗಿಯುವವರೆಗೆ ಟೈಮಿದೆ. ನೆನಪಿದ್ದರೆ ಮತ್ತೆ ಹೊಡೆ," ಎಂದರು.

ನೆನಪಿತ್ತೋ ಇಲ್ಲವೋ, ಬೆರಳಿಗೆ ಗೊತ್ತಿತ್ತು. ರಟ್ಟಿನ ಮೇಲೆ ಕುಟ್ಟಿದ್ದನ್ನೇ ಕುಟ್ಟಿದೆ, ಈ ಸಲ ಸದ್ದೂ ಬಂತು. ಒಂದು ಸಾಲಿನಲ್ಲಿ ತಪ್ಪಿದೆ, ಯಂತ್ರ ಬೈಯಿತು, ತಿದ್ದಿದೆ. ಪರೀಕ್ಷಕರು ಪ್ರೋಗ್ರಾಂಗೆ ಕಡಿಮೆ ಮಾರ್ಕ್ಸ್ ಕೊಟ್ಟು ನೋಡಿದರು, ಫೇಲ್ ಎಂದಿತು. ಜಾಸ್ತಿ ಕೊಟ್ಟರು, ಪಾಸ್ ಎಂದಿತು. ಫ್ಲಾಪಿಯ ಮಾರ್ಕ್ಸ್ ಕೊಡಲು ಬರುವುದಿಲ್ಲ, ಉಳಿದದ್ದು ಕೊಡುತ್ತೇನೆ ಎಂದರು. ಆ ಉಳಿದದ್ದರಲ್ಲೇ ಹೇಗೋ ದಡ ಸೇರಿದೆ.

ಸಂಜೆ ಮನೆಯಲ್ಲಿ ನಡೆದದ್ದು ಹೇಳಿದಾಗ ಅಪ್ಪ ಜೋರಾಗಿ ನಕ್ಕ. ಅವ್ವ ನಗಲಿಲ್ಲ. "ನಾನs ಇಟ್ನೆಲ್ಲವಾ," ಎಂದಳು. ಅವಳ ಮುಖ ನೋಡಿ ನನಗೆ ಪರೀಕ್ಷಾ ರೂಮಿನಲ್ಲಾದದ್ದಕ್ಕಿಂತ ಹೆಚ್ಚು ಸಂಕಟವಾಯಿತು.

ರಿಸಲ್ಟ್ ಬಂತು. ಎಲ್ಲದರಲ್ಲೂ ಪಾಸ್. ಅಪ್ಪ ಪೇಢಾ ತಂದ, ಹಂಚಿದ, ಆಮೇಲೆ ಮೆಲ್ಲಗೆ ಮಾತು ತೆಗೆದ.

"ಪಾಸಾದಿ, ಭಾಳ ಚೊಲೋ ಆತು. ಇನ್ನ ಸಾಕವಾ."

"ಪಾಸಾದ್ರ ಮುಂದಿಂದು ಮುಂದ ಅಂದಿದ್ದೆಲ್ಲಪಾ?"

"ಅಂದಿದ್ದೆ. ಖರೇ, ದಿನಾ ಬಸ್ಸಿನ್ಯಾಗ ಹೋಗೂದು ಬರೂದು, ಜೀವಕ್ಕ ಚಿಂತಿ ಹತ್ತತೈತಿ. ನಿನ್ನ ಮ್ಯಾಲೆ ಸಿಟ್ಟಿಲ್ಲ, ಕಾಳಜಿ. ಮನಿಗಿಂತ ಸುರಕ್ಷಿತ ಜಾಗಾ ಯಾವದೈತಿ ಹೇಳು?"

ನನಗೆ ಸಿಟ್ಟು ಬಂತು, ಅಳುವೂ ಬಂತು. ಪ್ರೀತಿಯಿಂದ ಕೇಳಿದ ಪ್ರಶ್ನೆಗೆ ಜಗಳ ಆಡುವುದು ಹೇಗೆ?

ಉತ್ತರ ಬಂದದ್ದು ಒಲೆಯ ಕಡೆಯಿಂದ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿರಲಿಲ್ಲ, ತಲೆಯನ್ನೂ ಎತ್ತಿರಲಿಲ್ಲ.

"ಆಕಿ ಫ್ಲಾಪಿನೂ ನಾ ಹಂಗs ಅಂದು ಟ್ರಂಕಿನ್ಯಾಗ ಇಟ್ಟಿದ್ನಿರಿ."

ಅಪ್ಪ ಟ್ರಂಕಿನ ಕಡೆ ನೋಡಿದ. ನನ್ನ ಕಡೆ ನೋಡಿದ. ಅರ ಕೈಗೆತ್ತಿಕೊಂಡು ಕೆಲಸಕ್ಕೆ ಕೂತ. ಕಾಲೇಜು ಮತ್ತೆ ಶುರುವಾದಾಗ ಬಸ್ ಪಾಸ್ ಮಾಡಿಸಲು ನನ್ನ ಜೊತೆ ಸ್ಟ್ಯಾಂಡಿಗೆ ಬಂದವನು ಅವನೇ.

ನೀವೂ ನಿಮ್ಮ ಮಗಳನ್ನು ಭದ್ರವಾದ ಜಾಗದಲ್ಲೇ ಇಟ್ಟಿರುತ್ತೀರಿ, ಅನುಮಾನವಿಲ್ಲ. ಅದೇ ಟ್ರಂಕಿನಲ್ಲಿ ಇನ್ನೂ ಏನೇನಿದೆ ಎಂದು ಒಮ್ಮೆಯಾದರೂ ಬೀಗ ತೆಗೆದು ನೋಡಿದ್ದೀರಾ?