ಸಾವಿರ ಟನ್ನಿನ ಹೆಗ್ಗಣ

ಡಾಕ್ಟರ್ ಈಶ್ವರಪ್ಪನವರು ಆ ಯುದ್ಧದ ಟ್ಯಾಂಕನ್ನು ದ್ವೇಷಿಸುತ್ತಿದ್ದರೋ, ಪ್ರೀತಿಸುತ್ತಿದ್ದರೋ? ಲೀಕ್ಸ್‌ಲಿಪ್‌ನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ನೀರಜಾ ಡಾಕ್ಟರನ್ನು ಬಹಳ ವರ್ಷಗಳಿಂದ ಬಲ್ಲವಳು. ಅವಳಿಗೂ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ.

ದಾವಣಗೆರೆಯಲ್ಲಿ ಓದಿ, ನೀರಜಾಳಂತೆಯೇ ಕಡಲು ದಾಟಿ ಬಂದು ಡ್ರೋಹೆಡಾದ ಆಸ್ಪತ್ರೆ ಸೇರಿದ ಮೂಳೆ ವೈದ್ಯರು ಅವರು. ಸವೆದ ಮೊಣಕಾಲುಗಳನ್ನು ಸರಿಪಡಿಸುತ್ತಲೇ ಕೂದಲು ನರೆತಿತ್ತು. ರೋಗಿಗಳ ಮೈತೂಕದ ಮಾತು ಬಂದರೆ ಯಾರ ಮುಲಾಜೂ ಇರಲಿಲ್ಲ. ಬಿಡುವಿನಲ್ಲಿ ಅವರು ಓದುತ್ತಿದ್ದುದು ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಕಾಗದದ ಮೇಲೆ ಬರೆದು ಕೈಬಿಟ್ಟ ಟ್ಯಾಂಕುಗಳ ವಿಷಯ. ಅವು ತಯಾರಾಗಿದ್ದರೆ ಯುದ್ಧದ ಗತಿಯೇ ಬದಲಾಗುತ್ತಿತ್ತೆಂದು ಯಾರಾದರೂ ಅಂದರೆ ಅವರ ಪಿತ್ತ ನೆತ್ತಿಗೇರುತ್ತಿತ್ತು.

ಬ್ಲಾಂಚರ್ಡ್ಸ್‌ಟೌನ್ ಕನ್ನಡಿಗರ ಗಣೇಶೋತ್ಸವಕ್ಕೆ ನೀರಜಾ ಕಾರ್ಯದರ್ಶಿಯಾಗಿದ್ದ ವರ್ಷ ಅವರೇ ಫೋನ್ ಮಾಡಿದರು.

"ಈ ಸಲ ಗಣಪತಿ ಹಬ್ಬಕ್ಕೆ ನಂದೊಂದು ಹೆಗ್ಗಣ ಇಡ್ತೀನಮ್ಮ."

"ಇಲಿ ಅನ್ನಿ ಸರ್. ಗಣಪತಿ ಬೇಜಾರು ಮಾಡ್ಕೋತಾನೆ."

"ಇಲಿ ಬೇರೆ, ಹೆಗ್ಗಣ ಬೇರೆ."

ತಮಾಷೆಯೆಂದುಕೊಂಡ ನೀರಜಾ, ವಾಹನಕ್ಕೆಂದು ಗಣಪತಿಯ ಮುಂದೆ ಕೆಂಪು ರೇಷ್ಮೆ ಹಾಸಿದ ಪುಟ್ಟ ಮಣೆಯನ್ನು ಸಿದ್ಧಮಾಡಿದಳು. ಹಬ್ಬದ ದಿನ ಈಶ್ವರಪ್ಪನವರೂ ಅವರ ಪತ್ನಿ ಅನಸೂಯಾ ಅವರೂ ಮೀಟರ್ ಉದ್ದದ ಬೂದು ಬಣ್ಣದ ಟ್ಯಾಂಕಿನ ಮಾದರಿಯೊಂದನ್ನು ಹೊತ್ತು ಒಳಬಂದರು.

"ಸರ್, ಇದೇನಿದು!"

"ಹೇಳಿದ್ನಲ್ಲ. ನೂರೆಂಬತ್ತೆಂಟು ಟನ್ನಿಂದಕ್ಕೆ ಜರ್ಮನ್ನರು ಇಲಿ ಅಂತ ಹೆಸರಿಟ್ರು. ಈ ಸಾವಿರ ಟನ್ನಿಂದು ಹೆಗ್ಗಣ. ಕಾಗದ ಬಿಟ್ಟು ಈಚೆಗೆ ಬರಲೇ ಇಲ್ಲ."

ಮಣೆ ಸಾಲದೆ ಅದಕ್ಕೆ ಬಾಗಿಲ ಬಳಿ ಮೇಜು ಹಾಕಿದ್ದಾಯಿತು. ಅದರ ಮುಂದೆ ಅವರು ಒಂದು ಫಲಕ ನಿಲ್ಲಿಸಿದರು: 'ಇದು ತಯಾರಾಗಿದ್ದರೂ ಹಿಟ್ಲರ್ ಸೋಲುತ್ತಿದ್ದ.'

ಟ್ಯಾಂಕಿನ ಆನ್‌ಲೈನ್ ಆಟದಲ್ಲಿ ಮುಳುಗೇಳುವ ಸಾಫ್ಟ್‌ವೇರ್ ಹುಡುಗ ಉಲ್ಲಾಸ್ ನಕ್ಕ. "ಬೋರ್ಡ್ ತೆಗೀರಿ ಸರ್, ಮಜಾನೇ ಹೋಗತ್ತೆ. ಗೇಮಲ್ಲಿ ಇಂಥದ್ದನ್ನ ತಡಿಯೋರೇ ಇಲ್ಲ!"

"ಗೇಮಲ್ಲಿ ಕೆಸರಿರಲ್ಲಪ್ಪ. ಯಾವ ಸೇತುವೆ ಹೊರತ್ತೆ ಇದನ್ನ? ಯಾವ ರಸ್ತೆ ತಡಿಯತ್ತೆ?"

"ಹಾಗಾದ್ರೆ ಮೋಟಾರ್ ಹಾಕಿ ಓಡಿಸಿ, ನೋಡೇ ಬಿಡೋಣ."

"ಓಡಿಸಿದ್ರೆ ಅದೂ ಸುಳ್ಳೇ. ಉದ್ದ, ಅಗಲ, ಎತ್ತರ ಅರ್ಧ ಮಾಡು, ತೂಕ ಎಂಟರಲ್ಲೊಂದು ಪಾಲಾಗತ್ತೆ. ಆಟಿಕೆ ಎಲ್ಲಿ ಬೇಕಾದ್ರೂ ಓಡತ್ತೆ. ಅದರಿಂದ ಏನೂ ಸಾಬೀತಾಗಲ್ಲ."

ಸಂಘದ ಅಧ್ಯಕ್ಷ ಕಿಶೋರ್‌ಗೆ ಹಬ್ಬದ ದಿನ ಹಿಟ್ಲರನ ಹೆಸರು ಬೇಡವಾಗಿತ್ತು. "ಡಾಕ್ಟ್ರೇ, ಟ್ಯಾಂಕ್ ಇರಲಿ, ಗ್ರ್ಯಾಂಡಾಗಿದೆ. ಬೋರ್ಡ್ ಮಾತ್ರ ಮೇಜಿನ ಮೇಲೆ ಬೇಡ."

"ಬೋರ್ಡಿಲ್ಲದೆ ಇಟ್ರೆ ನಾನೇ ಸುಳ್ಳು ಹೇಳಿದ ಹಾಗೆ."

"ಮೇಜಿನ ಮೇಲೆ ಬೇಡ ಅಂದ್ರೆ ಬೇಡ."

ಟ್ಯಾಂಕನ್ನೇ ಮನೆಗೆ ಹೊತ್ತೊಯ್ಯುತ್ತಾರೆಂದು ನೀರಜಾ ಭಾವಿಸಿದಳು. ಈಶ್ವರಪ್ಪನವರು ಹೂವಿನ ಬುಟ್ಟಿಯಿಂದ ದಾರ ತೆಗೆದು ಫಲಕಕ್ಕೆ ಕಟ್ಟಿ, ಕೊರಳಿಗೆ ತೂಗುಹಾಕಿಕೊಂಡರು. "ಮೇಜಿನ ಮೇಲಿಲ್ಲ, ನೋಡಿ." ಮಹಾಮಂಗಳಾರತಿ ಮುಗಿದು ಕೊನೆಯ ಪಂಕ್ತಿಯ ಊಟವಾಗುವವರೆಗೂ ಅವರು ಹೆಗ್ಗಣದ ಪಕ್ಕ ನಿಂತೇ ಇದ್ದರು. ನೀರಜಾ ಕುರ್ಚಿ ತಂದುಕೊಟ್ಟರೆ, "ಕೂತ್ರೆ ಬೋರ್ಡ್ ಕಾಣಲ್ಲ" ಎಂದರು. ಓಡಿಸಿ ನೋಡೋಣವೆಂಬ ಉಲ್ಲಾಸನ ಮಾತನ್ನೇ ಮತ್ತೆ ಹತ್ತಾರು ಜನ ಆಡಿದರು. ಒಬ್ಬರಿಗೂ ಉತ್ತರ ತಪ್ಪಲಿಲ್ಲ. ಕಡೆಗೆ ಕಿಶೋರನೇ ಸೋತು, "ಮೇಜಿನ ಮೇಲೇ ಇಡಿ ಮಾರಾಯ್ರೇ" ಎಂದು ಕೈಮುಗಿದ. ಅವರು ಇಡಲಿಲ್ಲ.

ಕಳೆದ ಚಳಿಗಾಲದಲ್ಲಿ ಹೃದಯಾಘಾತವಾಗಿ ಈಶ್ವರಪ್ಪನವರು ತೀರಿಕೊಂಡರು. ತಿಂಗಳುಗಳ ನಂತರ ಅನಸೂಯಾ ಅವರು ಹೆಗ್ಗಣವನ್ನು ಒಯ್ಯಲು ನೀರಜಾಳನ್ನು ಕರೆದರು. ಫಲಕದ ಜೊತೆಗೇ ಒಯ್ಯಬೇಕೆಂಬುದೊಂದೇ ಅವರ ಷರತ್ತು. ಎತ್ತಿಕೊಳ್ಳಲು ಟ್ಯಾಂಕನ್ನು ವಾಲಿಸಿದಾಗ ಅಡಿಯಲ್ಲಿ ಮೋಟಾರು ಕಂಡಿತು. ಚಕ್ರಗಳನ್ನು ಸುತ್ತಿದ ಉರುಳುಪಟ್ಟಿಗಳ ಸಂದಿನಲ್ಲಿ ಒಣಗಿದ ಮಣ್ಣು, ಹುಲ್ಲು.

"ಮಳೆ ಬಂದು ಹಿತ್ತಲು ಕೆಸರಾದಾಗೆಲ್ಲ ಓಡಿಸೋರು," ಎಂದರು ಅನಸೂಯಾ. "ಹೂತು ಹೋಗ್ಲಿ ಅಂತ ಕಾಯೋರು ಪಾಪ. ಪ್ರತಿ ಸಲಾನೂ ಬೇಲಿ ತನಕ ಹೋಗ್ಬಿಡೋದು."