ಪೈಲ್ವಾನ್ ಆವಲಪ್ಪನ ಎಮ್ಮೆ
ಮಾರತ್ತಹಳ್ಳಿಯಲ್ಲಿ ಬೆಳಗಾಯಿತೆಂದರೆ ಪೈಲ್ವಾನ್ ಆವಲಪ್ಪನ ಎಮ್ಮೆ ಕಳೆದುಹೋಗಿದೆ ಎಂದೇ ಅರ್ಥ. ಹೆಗಲ ಮೇಲೆ ಹಗ್ಗ, ಬಾಯಲ್ಲಿ "ನಮ್ಮೆಮ್ಮೆ ಏನಾರ ಕಂಡ್ರಾ?" ಎಂಬ ಒಂದೇ ಮಾತು. ಕಾರ್ಖಾನೆ ಬಸ್ಸಿಗೆ ಕಾಯುವವರನ್ನು ಕೇಳುತ್ತಾನೆ, ಹಾಲಿನವನನ್ನು ಕೇಳುತ್ತಾನೆ, ಯಾರೂ ಸಿಗದಿದ್ದರೆ ಹುಣಸೆಮರವನ್ನೂ ಕೇಳಿಯಾನು. ಎಮ್ಮೆ ಅದೇ ಹೊತ್ತಿಗೆ ಅವನ ಕೊಟ್ಟಿಗೆಯಲ್ಲೇ ನಿಂತು ಹೆಂಡತಿಯ ಚೊಂಬಿಗೆ ಹಾಲು ಕೊಡುತ್ತಿರುತ್ತದೆ. ಗರಡಿಮನೆಯಲ್ಲಿ ಬಸ್ಕಿ ಹೊಡೆದೂ ಹೊಡೆದೂ ಮಂಡಿ ಸವೆದಿದೆ, ಇನ್ನು ದಿನಾ ಮೆಲ್ಲಗೆ ನಡೆದರೆ ಸಾಕು ಎಂದು ಡಾಕ್ಟರು ಹೇಳಿದಂದಿನಿಂದ ಇದೇ ಪಾಡು. ಕಲ್ಲುಗುಂಡು ಎತ್ತಿ ಊರನ್ನೇ ಬೆರಗಾಗಿಸಿದ ಗಂಡಸು ಕೆಲಸವಿಲ್ಲದೆ ಸುಮ್ಮನೆ ನಡೆಯುವುದೆಂದರೆ, ನಡುಬೀದಿಯಲ್ಲಿ ಲಂಗೋಟಿ ಬಿಚ್ಚಿದಷ್ಟು ನಾಚಿಕೆ ಅವನಿಗೆ. ಯಾರಾದರೂ ಎದುರು ಬಂದರೆ ಕುಂಟುವ ಕಾಲನ್ನು ನೆಟ್ಟಗಿಟ್ಟು, ಎದೆ ಸೆಟೆಸಿ, ಆ ಬಡಪಾಯಿ ಎಮ್ಮೆಯನ್ನು ಬಾಯಿತುಂಬ ಬೈಯುತ್ತಾನೆ. ಜನವೂ "ಕೆರೆ ಕಡೆ ಓಯ್ತು ಕಣಣ್ಣ" ಎಂದು ಕೈ ತೋರಿಸುತ್ತಾರೆ. ಪಾಪ, ನಂಬಿಬಿಟ್ಟರು ಎಂದು ಅವನು ಒಳಗೊಳಗೇ ಹಿಗ್ಗುತ್ತಾನೆ. ಮೊನ್ನೆ ಮಾತ್ರ ಅವನು ಬಾಯಿ ತೆರೆಯುವ ಮೊದಲೇ, ಇಡ್ಲಿ ಮಾರುವ ಅನುಸೂಯಮ್ಮ ಒಲೆಯಿಂದ ತಲೆಯೆತ್ತದೆ ಹೇಳಿದಳು: "ಇವತ್ತು ಕೆರೆ ಏರಿ ಅತ್ತಬ್ಯಾಡ ಮಾವ, ಮಂಡಿ ನೋಯ್ತದೆ. ಎಮ್ಮೆ ತಗ್ಗಿನ ದಾರೀಲಿ ಓಯ್ತು ಅನ್ಕೋ." ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು. ಆವಲಪ್ಪ ತಗ್ಗಿನ ದಾರಿಗೆ ಇಳಿದ. ಆ ಹಗ್ಗವನ್ನು ಎಲ್ಲಿ ಬಚ್ಚಿಡುವುದೆಂದು ಮಾತ್ರ ಅವನಿಗೆ ಹೊಳೆಯಲಿಲ್ಲ.